ಹತ್ತು ಪ್ರಶ್ನೆ ಕೇಳಿದ ಮೇಲೆ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಮಕ್ಕಳ ಬೆಳವಣಿಗೆಯಲ್ಲಿ ಬರುವ ತೊಡಕುಗಳು, ಅವುಗಳನ್ನು ಹುಡುಕಿಕೊಂಡು ಬಡವರ ಬಡಾವಣೆಗಳಿಗೆ ಬರುವ ಸಮೀಕ್ಷೆಯವರು. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಐದಕ್ಕೇ ಉತ್ತರ ಬರೆದಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಶಿವಮೊಗ್ಗದ ಬೀದಿಗಳಲ್ಲಿ ಹದಿನೆಂಟು ವರ್ಷ ಮನೆ ಮನೆ ತಿರುಗಿ ಇಂಥ ಮಕ್ಕಳ ಜೊತೆ, ಅವರ ಅಮ್ಮಂದಿರ ಜೊತೆ ಕೆಲಸ ಮಾಡಿದವಳು. ಸಮೀಕ್ಷೆಯ ಫಾರಂ ಹಿಡಿದುಕೊಂಡೂ ಹೋಗಿದ್ದೇನೆ, ಬರಿಗೈಯಲ್ಲೂ ಹೋಗಿದ್ದೇನೆ.

ಪ್ರಶ್ನೆ: ನಮ್ಮ ಬೀದಿಗೆ ಇಬ್ಬರು ಹುಡುಗಿಯರು ಬಂದು ಮಗಳ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಅವಳಿಗೆ ಮೂರು ವರ್ಷ. ಮಾತು ನಿಧಾನ. ಎರಡು ಪದ ಜೋಡಿಸಿ ಹೇಳುವುದನ್ನು ಈಗ ಶುರು ಮಾಡಿದ್ದಾಳೆ. ಅವರು ಎರಡು ಕಡೆ ಗುರುತು ಹಾಕಿ, "ಪಾಸಿಟಿವ್ ಬಂದಿದೆ, ಮತ್ತೆ ಬರ್ತೀವಿ" ಅಂದು ಹೋದರು. ಮೂರು ವಾರ ಆಯಿತು. ಯಾರೂ ಬಂದಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ನನ್ನ ಮಗಳಿಗೆ ಏನಾಗಿದೆ?
ಹೆಸರು ಬೇಡ, ಶಿವಮೊಗ್ಗ

ಉತ್ತರ: ತಾಯಿ, ಮೊದಲು ಈ 'ಪಾಸಿಟಿವ್' ಅನ್ನುವ ಪದವನ್ನು ಮನಸ್ಸಿನಿಂದ ತೆಗೆದುಹಾಕಿ. ಅದು ಕಾಯಿಲೆಯ ಹೆಸರಲ್ಲ. 'ಈ ಮಗುವನ್ನು ತಿಳಿದವರು ಒಮ್ಮೆ ಸರಿಯಾಗಿ ನೋಡಬೇಕು' ಅಂತ ಅಷ್ಟೇ ಅದರ ಅರ್ಥ. ಇದನ್ನು ಆ ಹುಡುಗಿಯರು ನಿಮ್ಮ ಬಾಗಿಲಲ್ಲಿ ನಿಂತೇ ಹೇಳಬೇಕಿತ್ತು. ಹೇಳದೆ ಹೋದದ್ದು ತಪ್ಪು.

ಒಂದು ಲೆಕ್ಕ ಹೇಳುತ್ತೇನೆ. ಇದು ತಿಳಿಸೋಕೆ ಮಾಡಿಕೊಂಡ ಲೆಕ್ಕ, ಯಾವ ಊರಿನದ್ದೂ ಅಲ್ಲ. ಸಾವಿರ ಮಕ್ಕಳಿದ್ದಾರೆ, ಅವರಲ್ಲಿ ನೂರು ಮಕ್ಕಳಿಗೆ ನಿಜವಾಗಿ ತೊಡಕಿದೆ ಅಂದುಕೊಳ್ಳಿ. ಹತ್ತು ಪ್ರಶ್ನೆ ಅವರಲ್ಲಿ 85 ಮಕ್ಕಳನ್ನು ಹಿಡಿಯುತ್ತದೆ. ತೊಡಕಿಲ್ಲದ 900 ಮಕ್ಕಳಲ್ಲೂ ಹತ್ತಕ್ಕೆ ಒಬ್ಬರಂತೆ 90 ಮಕ್ಕಳಿಗೆ ಗುರುತು ಬೀಳುತ್ತದೆ. ಒಟ್ಟು 175 ಮಕ್ಕಳಿಗೆ ಗುರುತು ಬಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಚೆನ್ನಾಗೇ ಇದ್ದಾರೆ. ಮೊದಲ ಸುತ್ತಿನ ಪರೀಕ್ಷೆ ಇರುವುದೇ ಹೀಗೆ. ಒಂದು ಮಗುವೂ ತಪ್ಪಿಹೋಗಬಾರದು ಅಂತ ಬಲೆಯನ್ನು ಅಗಲವಾಗಿ ಬೀಸಿರುತ್ತಾರೆ.

ಹಾಗಂತ ಸುಮ್ನೆ ಕಾಯಬೇಡಿ. ಮೂರು ವರ್ಷಕ್ಕೆ ಈಗಷ್ಟೇ ಎರಡು ಪದ ಜೋಡಿಸುತ್ತಿದ್ದಾಳೆ ಅಂದರೆ ತೋರಿಸಲೇಬೇಕು. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ಮನೆಯಲ್ಲಿ ಹೇಳಬಹುದು. ಹೇಳಲಿ, ನೀವು ಹೊರಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಾತು ತಡವಾದ ಯಾವ ಮಗುವಿಗೂ ಮೊದಲ ಕೆಲಸ ಅದೇ. ಕಿವಿ ಸೋರುವುದನ್ನು ನಮ್ಮ ಕಡೆ ಮಳೆಗಾಲದ ಮಾಮೂಲಿ ಅಂದುಕೊಂಡು ಬಿಟ್ಟುಬಿಡುತ್ತಾರೆ. ಹಾಗೆ ಸೋರಿ ಸೋರಿ ಅರ್ಧ ಕೇಳಿಸದೇ ಇದ್ದ ಮಕ್ಕಳನ್ನು 'ಮಂದ' ಅಂತ ಕರೆದದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೋಣೆಯಲ್ಲಿ ಹಿಂದಿನಿಂದ ಕರೆದರೆ ತಿರುಗುತ್ತಾಳೆ ಅಂತ ನೀವೇ ತೀರ್ಮಾನ ಮಾಡಬೇಡಿ. ನೆಲ ಅದುರಿದ್ದಕ್ಕೆ, ನೆರಳಿಗೆ ಕೂಡ ಮಕ್ಕಳು ತಿರುಗುತ್ತಾರೆ. ಯಂತ್ರದಲ್ಲೇ ನೋಡಿಸಬೇಕು.

ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಮಕ್ಕಳ ವಿಭಾಗದಲ್ಲಿ ಡಿಇಐಸಿ ಬಗ್ಗೆ ಕೇಳಿ. ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳನ್ನು ಬೇಗ ಗುರುತಿಸಿ ನೋಡುವ ಕೇಂದ್ರಕ್ಕೆ ಆ ಹೆಸರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ನೋಡಬೇಕು ಅಂತಿದೆ. ತಾಯಿ ಕಾರ್ಡ್, ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟ ಕಾಗದ ಎರಡೂ ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಅವಳ ಜೊತೆ ಜಾಸ್ತಿ ಮಾತಾಡಿ, ಮೊಬೈಲ್ ಬದಿಗಿಡಿ. ಪಾತ್ರೆ ತೊಳೆಯುವಾಗ ಲೋಟ, ತಟ್ಟೆ, ನೀರು ಅಂತ ಹೆಸರು ಹೇಳುತ್ತಾ ತೊಳೆಯಿರಿ. ಅವಳು "ನೀ" ಅಂದರೂ ಅದಕ್ಕೆ ಉತ್ತರ ಕೊಡಿ.

ಪ್ರಶ್ನೆ: ನಾನು ಸಮಾಜಕಾರ್ಯ ಓದುವ ಎಂಎಸ್‌ಡಬ್ಲ್ಯು ವಿದ್ಯಾರ್ಥಿ. ಶಿವಮೊಗ್ಗದ ಒಂದು ಬಡ ಬಡಾವಣೆಯಲ್ಲಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಾಲ್ಕು ದಿನ ತಿರುಗಿದೆ. ಎಲ್ಲರೂ "ನಮ್ಮನೇಲಿ ಅಂಥ ಮಕ್ಕಳಿಲ್ಲ" ಅನ್ನುತ್ತಾರೆ. ಅಂಗನವಾಡಿಯವರು ಇದ್ದಾರೆ ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?
ಶಂಕರಘಟ್ಟದಿಂದ ಒಬ್ಬ ವಿದ್ಯಾರ್ಥಿ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಒಂದು ಕುರ್ಚಿ ನೆನಪಾಯಿತು.

ತುಂಗಾ ನಾಲೆ ಪಕ್ಕದ ಬಡಾವಣೆ. ಜುಲೈ ತಿಂಗಳ ಮಳೆ. ಮನೆಯಾಕೆ ಬಾಗಿಲ ಬೆಳಕಿಗೆ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಮಣೆ ಮೇಲೆ ಕಪ್ಪು ಹಿಟ್ಟು, ಕೈ ಮೊಣಕೈವರೆಗೆ ಕಪ್ಪು. ಫಾರಂನಲ್ಲಿ ಇದ್ದ ಹಾಗೇ ಕೇಳಿದೆ, "ಮನೇಲಿ ಅಂಗವಿಕಲ ಮಕ್ಕಳು ಇದ್ದಾರಾ?" ಆಕೆ ತಲೆ ಎತ್ತದೆ "ಇಲ್ಲ" ಅಂದರು. ಎರಡು ಮಕ್ಕಳು, ಇಬ್ಬರೂ ಶಾಲೆಗೆ ಹೋಗಿದ್ದಾರೆ ಅಂದರು. ಬರೆದುಕೊಂಡೆ. ಎದ್ದು ಹೊರಡುವಾಗ ಗೋಡೆ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಕಂಡಿತು. ಅದರ ಕಾಲುಗಳನ್ನು ಅರ್ಧಕ್ಕೆ ಕುಯ್ದಿದ್ದರು. ಕೂರುವ ಜಾಗದಲ್ಲಿ ಕಾಯಿಸಿದ ಕಬ್ಬಿಣದಿಂದ ಎರಡು ತೂತು ಕೊರೆದಿದ್ದರು. ಹಳೇ ಸೀರೆಯ ಅಂಚನ್ನು ನಾಲ್ಕು ಮಡಿಕೆ ಹೊಲಿದು ಪಟ್ಟಿ ಮಾಡಿ, ಆ ತೂತಿನಿಂದ ತೊಡೆ ನಡುವೆ ಮೇಲೆ ಬಂದು ಬೆನ್ನ ಹಿಂದೆ ಗಂಟು ಬೀಳುವ ಹಾಗೆ ಪೋಣಿಸಿದ್ದರು. ಎರಡು ಪಕ್ಕಕ್ಕೂ ಬಟ್ಟೆ ಸುತ್ತಿದ ಸುರುಳಿ, ಮೈ ವಾಲದ ಹಾಗೆ. ಅಂಗಡಿಯಲ್ಲಿ ಅಂಥ ಕುರ್ಚಿ ಸಿಗುವುದಿಲ್ಲ. ಯಾರೋ ಒಂದು ಮಗುವಿನ ಮೈಯನ್ನು ದಿನಾ ನೋಡಿ ನೋಡಿ ಮಾಡಿದ್ದು ಅದು.

"ಇದು ಯಾರಿಗೆ?" ಅಂದೆ. ಆಕೆಯ ಕೈ ನಿಂತಿತು. ಪರದೆಯ ಹಿಂದೆ ಚಾಪೆ ಮೇಲೆ ಆರು ವರ್ಷದ ಹುಡುಗ ಮಲಗಿದ್ದ. ಎಚ್ಚರವಾಗೇ ಇದ್ದ. ಹೊಸ ದನಿ ಕೇಳಿ ನಗುತ್ತಿದ್ದ.

ಆಕೆ ಸುಳ್ಳು ಹೇಳಿದ್ದರು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. "ಅವ್ನು ಅಂಗವಿಕಲ ಅಲ್ಲ ಮೇಡಂ, ಸೊಂಟ ನಿಂತಿಲ್ಲ ಅಷ್ಟೇ, ನಿಲ್ಲುತ್ತೆ" ಅಂದರು. ಮೂರನೇ ಮಗನನ್ನು ಲೆಕ್ಕದಿಂದ ಬಿಟ್ಟದ್ದು ನಾಚಿಕೆಯಿಂದಲ್ಲ, ನನ್ನ ಪ್ರಶ್ನೆಯಿಂದ. ಆಮೇಲೆ ಆ ಪ್ರಶ್ನೆಯನ್ನು ನಾನು ಯಾವ ಬಾಗಿಲಲ್ಲೂ ಕೇಳಿಲ್ಲ.

ನೀವೂ ಕೇಳಬೇಡಿ. ಮನೆಯ ಪ್ರತಿ ಮಗುವಿನ ಹೆಸರು ಹಿಡಿದು, ಒಂದೊಂದೇ ಮಗುವಿನ ಬಗ್ಗೆ ಕೇಳಿ. ಈಗ ಮನೆಯಲ್ಲಿ ಇಲ್ಲದ ಮಕ್ಕಳನ್ನೂ ಸೇರಿಸಿ. ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯಲ್ಲೋ ಹೊಸನಗರದ ದೊಡ್ಡಮ್ಮನ ಮನೆಯಲ್ಲೋ ಬಿಟ್ಟಿರುವ ಮಗು ಎಷ್ಟೋ ಸಲ ನೀವು ಹುಡುಕುತ್ತಿರುವ ಮಗುವೇ ಆಗಿರುತ್ತದೆ. ಅಮ್ಮ ಕೆಲಸಕ್ಕೆ ಹೋಗಬೇಕು, ಒಬ್ಬರು ಸದಾ ಪಕ್ಕದಲ್ಲಿರಬೇಕಾದ ಮಗುವನ್ನು ಇನ್ನೆಲ್ಲಿ ಬಿಡುವುದು? ಪಡಿತರ ಚೀಟಿ ನೋಡಿ ಮಕ್ಕಳ ಪಟ್ಟಿ ಮಾಡಿದರೆ ಬಾಡಿಗೆ ಮನೆಯವರು, ಹೊಸದಾಗಿ ಬಂದವರು ಬಿಟ್ಟುಹೋಗುತ್ತಾರೆ. ಗಲ್ಲಿಯ ಒಂದು ತುದಿಯಿಂದ ಶುರು ಮಾಡಿ ಪ್ರತಿ ಬಾಗಿಲನ್ನೂ ನೀವೇ ಬರೆದುಕೊಳ್ಳಿ. ವಠಾರದ ಹಿಂದಿನ ಸಾಲನ್ನು ಮರೆಯಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಅರ್ಧ ಮನೆಗೆ ಬೀಗ. ರೈಸ್ ಮಿಲ್‌ಗೆ, ಗಾರೆ ಕೆಲಸಕ್ಕೆ ಹೋದವರು ಬರುವುದು ಸಂಜೆ. ಸಂಜೆ ಹೋಗಿ, ಭಾನುವಾರವೂ ಹೋಗಿ.

ಇನ್ನು ಪ್ರಶ್ನೆಗಳು. ಮೊದಲ ಪತ್ರದ ತಾಯಿಗೆ ಕೇಳಿದ ಹತ್ತು ಪ್ರಶ್ನೆಗಳು 'ಟೆನ್ ಕ್ವೆಶ್ಚನ್ಸ್' ಅನ್ನುವ ಪಟ್ಟಿಯವಿರಬೇಕು. 2ರಿಂದ 9 ವರ್ಷದ ಮಕ್ಕಳಿಗೆ ಮಾಡಿದ್ದು. ಬಾಂಗ್ಲಾದೇಶ, ಜಮೈಕಾ, ಪಾಕಿಸ್ತಾನಗಳಲ್ಲಿ ದೊಡ್ಡದಾಗಿ ಪರೀಕ್ಷಿಸಿ ನೋಡಿದ ಪಟ್ಟಿ ಅದು. ಕೂರುವುದು, ನಿಲ್ಲುವುದು, ನಡೆಯುವುದು ತಡವಾಯಿತಾ? ಕಣ್ಣು ಕಾಣುತ್ತಾ? ಕಿವಿ ಕೇಳುತ್ತಾ? ಹೇಳಿದ್ದು ಅರ್ಥ ಆಗುತ್ತಾ? ಕೈಕಾಲು ಬಿಗಿ ಅಥವಾ ಸೋತ ಹಾಗೆ ಇದೆಯಾ? ಫಿಟ್ಸ್ ಬರುತ್ತಾ? ಬೇರೆ ಮಕ್ಕಳ ಹಾಗೆ ಕಲಿಯುತ್ತಾ? ಮಾತಾಡುತ್ತಾ, ಮಾತು ಸ್ಪಷ್ಟ ಇದೆಯಾ? ವಯಸ್ಸಿಗೆ ತಕ್ಕಂತೆ ಇದೆಯಾ? ನೋಡಿ, ಎಲ್ಲವೂ ಮಗು ಏನು ಮಾಡುತ್ತದೆ ಅನ್ನುವ ಬಗ್ಗೆ. ಆದರೆ 'ಫಿಟ್ಸ್' ಅಂದರೆ ಅರ್ಥ ಆಗದ ಮನೆಯಲ್ಲಿ 'ಮೂರ್ಛೆ' ಅನ್ನಿ. ಅದೂ ಆಗದಿದ್ದರೆ 'ಬಾಲಗ್ರಹ ಬಂದಿತ್ತಾ' ಅಂತ ಕೇಳಿ. ಮಗುವಿಗೆ ತಾಯತ ಕಟ್ಟಿದ್ದು ಯಾವಾಗ, ಯಾಕೆ ಅಂತ ಕೇಳಿದರೆ ಎಷ್ಟೋ ವಿಷಯ ತಾನಾಗಿ ಹೊರಬರುತ್ತದೆ. ಕೇಳುವಾಗ ಮುಖದಲ್ಲಿ ತಿರಸ್ಕಾರ ಇರಬಾರದು.

ತಿಂಗಳ ಲೆಕ್ಕ ಯಾರಿಗೂ ನೆನಪಿರಲ್ಲ. "ಒಂಬತ್ತು ತಿಂಗಳಿಗೆ ಕೂತನಾ?" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ಊರಿನ ಕ್ಯಾಲೆಂಡರ್ ಹಿಡಿಯಿರಿ. ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. "ಜಾತ್ರೆಗೆ ಹೋದಾಗ ಎತ್ತಿಕೊಂಡು ಹೋಗಿದ್ರಾ, ನಡೆಸಿಕೊಂಡಾ?" ಅಂದರೆ ತಾಯಿಗೆ ಆ ದಿನವೇ ಕಣ್ಣಿಗೆ ಬರುತ್ತದೆ. ಮುಸ್ಲಿಂ ಮನೆಗಳಲ್ಲಿ ರಂಜಾನ್ ಹಿಡಿದು ಕೇಳಿ. ಆಮೇಲೆ ನೀವು ತಿಂಗಳಿಗೆ ಬದಲಾಯಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಳತೆಯ ಪ್ರಕಾರ ಆರೋಗ್ಯವಾಗಿರುವ ಮಕ್ಕಳು ಆಸರೆ ಇಲ್ಲದೆ ಕೂರುವುದು ಹೆಚ್ಚೆಂದರೆ 9.2 ತಿಂಗಳೊಳಗೆ, ಒಂಟಿಯಾಗಿ ನಡೆಯುವುದು 17.6 ತಿಂಗಳೊಳಗೆ. ಭಾರತ, ಘಾನಾ, ಒಮಾನ್, ನಾರ್ವೆ, ಅಮೆರಿಕದ ಮಕ್ಕಳನ್ನು ನೋಡಿ ಮಾಡಿದ ಅಳತೆ ಅದು.

ಎರಡು ಎಚ್ಚರಿಕೆ ಹೇಳಲೇಬೇಕು. ಈ ಪಟ್ಟಿ ಕೈಕಾಲಿನ ತೊಡಕು, ಫಿಟ್ಸ್, ಬುದ್ಧಿಯ ಬೆಳವಣಿಗೆಯ ದೊಡ್ಡ ತೊಂದರೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಮನೆಯವರಿಗೇ ಇನ್ನೂ ಗೊತ್ತಾಗದ ಕಣ್ಣು, ಕಿವಿಯ ತೊಂದರೆಯನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಎರಡನೆಯದು, ಗುರುತು ಬಿದ್ದ ಮಕ್ಕಳನ್ನು ಮಾತ್ರ ಡಾಕ್ಟರಿಗೆ ತೋರಿಸಿದರೆ ನಿಮ್ಮ ಲೆಕ್ಕ ಅರ್ಧ. ಗುರುತು ಬೀಳದ ಮಕ್ಕಳಲ್ಲೂ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ತೋರಿಸಬೇಕು. ಬಲೆಯಿಂದ ಎಷ್ಟು ಮಕ್ಕಳು ನುಸುಳಿದರು ಅಂತ ಗೊತ್ತಾಗುವುದು ಆಗಲೇ. ನಿಮ್ಮ ಪ್ರಾಜೆಕ್ಟ್ ಚಿಕ್ಕದು, ಇಷ್ಟೆಲ್ಲ ಮಾಡಲು ಆಗದೇ ಇರಬಹುದು. ಹಾಗಿದ್ದರೆ ಕೊನೆಯಲ್ಲಿ "ಈ ಬಡಾವಣೆಯಲ್ಲಿ ಶೇಕಡಾ ಇಷ್ಟು" ಅಂತ ಬರೆಯಬೇಡಿ. ಕಂಡ ಮಕ್ಕಳ ಕಥೆಯನ್ನು ಚೆನ್ನಾಗಿ ಬರೆಯಿರಿ, ಅದಕ್ಕೂ ಬೆಲೆ ಇದೆ.

ಬಡತನದ ವಿಷಯಕ್ಕೆ ಬರೋಣ. ಇಲ್ಲಿ ನಿಧಾನವಾಗಿ ಹೆಜ್ಜೆ ಇಡಬೇಕು. ಮನೆಯಲ್ಲಿ ಉರ್ದು, ತಮಿಳು ಅಥವಾ ಲಂಬಾಣಿ ಮಾತಾಡುವ ಮಗುವಿಗೆ ಕನ್ನಡದಲ್ಲಿ ಪರೀಕ್ಷೆ ಮಾಡಿ 'ಮಾತು ಹಿಂದಿದೆ' ಅಂತ ಬರೆದರೆ ಅದು ಅನ್ಯಾಯ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಬರುವುದಿಲ್ಲ. ಮೂರೂ ಭಾಷೆಯಲ್ಲಿ ಬರುವ ಪದಗಳನ್ನು ಸೇರಿಸಿ ಎಣಿಸಬೇಕು. ಪುಸ್ತಕವನ್ನೇ ಮುಟ್ಟದ ಮಗುವಿನ ಮುಂದೆ ಚಿತ್ರಪುಸ್ತಕ ಹಿಡಿದು ಬೆರಳು ತೋರಿಸು ಅಂದರೆ ಅದು ನಿಮ್ಮ ಮುಖ ನೋಡುತ್ತದೆ. ಅದೇ ಮಗುವಿಗೆ ಲಗೋರಿ ಕಲ್ಲು ಕೊಡಿ, ಒಂದರ ಮೇಲೊಂದು ಏಳು ಪೇರಿಸುತ್ತದೆ. ಹಸಿವು, ರಕ್ತಹೀನತೆ, ಆಡಿಸುವವರಿಲ್ಲದೆ ಕಳೆದ ದಿನಗಳು, ಇವೂ ಬೆಳವಣಿಗೆಯನ್ನು ಹಿಂದಕ್ಕೆ ಎಳೆಯುತ್ತವೆ. 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ಐದು ವರ್ಷದೊಳಗಿನ ನೂರರಲ್ಲಿ 43 ಮಕ್ಕಳು, ಅಂದರೆ ಸುಮಾರು 25 ಕೋಟಿ ಮಕ್ಕಳು, ತಾವು ಬೆಳೆಯಬಹುದಾದಷ್ಟು ಬೆಳೆಯದೇ ಉಳಿಯುವ ಅಪಾಯದಲ್ಲಿದ್ದಾರೆ. ಬಡತನ ಮತ್ತು ಕುಳ್ಳಾಗಿ ಉಳಿಯುವುದು, ಈ ಎರಡರಿಂದ ಹಾಕಿದ ಲೆಕ್ಕ ಅದು. ಅವರೆಲ್ಲ ವಿಕಲಚೇತನರಲ್ಲ. ಆದರೆ ನಿಮ್ಮ ಗಲ್ಲಿಯಲ್ಲಿ ಈ ಎರಡು ಬಗೆಯ ಮಕ್ಕಳೂ ಒಂದೇ ಚಾಪೆ ಮೇಲೆ ಕೂತಿರುತ್ತಾರೆ. ಕೆಲವು ಸಲ ಎರಡೂ ಒಂದೇ ಮಗುವಿನಲ್ಲಿ ಇರುತ್ತದೆ.

ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ನಡೆದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್ ಮೆಗ್ರೆಗರ್ ಮತ್ತು ಜೊತೆಯವರು ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳನ್ನು ಗುರುತಿಸಿದರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ತಾಯಿ ಮಗುವನ್ನು ಆಡಿಸುವುದನ್ನು ಹೇಳಿಕೊಟ್ಟರು. ಇಪ್ಪತ್ತು ವರ್ಷ ಆದ ಮೇಲೂ ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಆಟದ ಗುಂಪಿನವರ ದುಡಿಮೆ ಉಳಿದವರಿಗಿಂತ ಶೇಕಡಾ 25ರಷ್ಟು ಜಾಸ್ತಿ ಇತ್ತು. 2014ರಲ್ಲಿ ಅದು ಪ್ರಕಟವಾಯಿತು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅದೇ ಕೇರಿಗಳಲ್ಲಿ ಓಡಾಡುವ ಹೆಂಗಸರು ಮಾಡಿದ ಕೆಲಸ ಅದು. ಸಂಶೋಧನೆ ಅಂದರೆ ಎಣಿಸುವುದು ಮಾತ್ರ ಅಲ್ಲ ಅಂತ ನಿಮ್ಮ ಗೆಳೆಯರಿಗೂ ಹೇಳಿ.

ಹುಟ್ಟಿದ ಸಮಯದ ಬಗ್ಗೆ ಕೇಳುವಾಗ ತಾಯಂದಿರ ಮಾತು ಕಲಿಯಿರಿ. "ಹುಟ್ಟಿದ ತಕ್ಷಣ ಅಳ್ಲಿಲ್ಲ", "ಪೆಟ್ಟಿಗೇಲಿ ಇಟ್ಟಿದ್ರು", "ಹಳದಿ ಆಗಿತ್ತು", "ಜ್ವರ ತಲೆಗೆ ಏರಿತ್ತು". ಉಸಿರು ಕಟ್ಟಿದ್ದು, ದಿನ ತುಂಬುವ ಮೊದಲೇ ಹುಟ್ಟಿದ್ದು, ತೂಕ ಕಡಿಮೆ, ಕಾಮಾಲೆ, ಮೆದುಳಿನ ಸೋಂಕು ಎಲ್ಲ ಈ ನಾಲ್ಕು ಮಾತಿನೊಳಗೇ ಬಂದುಬಿಡುತ್ತವೆ. ಆದರೆ ಆ ಮಾತು ಕೇಳಿ ನಿಮ್ಮ ಹುಬ್ಬು ಮೇಲೇರಿದರೂ ಸಾಕು, ತಾಯಿ ತನ್ನನ್ನೇ ಬೈದುಕೊಳ್ಳಲು ಶುರು ಮಾಡುತ್ತಾಳೆ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೇ ಮಗ ಹೀಗಾದ ಅಂತ ಏಳು ವರ್ಷದಿಂದ ಅಳುತ್ತಿದ್ದ ಒಬ್ಬಾಕೆಯನ್ನು ನಾನು ಬಲ್ಲೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ನಿಮ್ಮ ತಪ್ಪಲ್ಲ" ಅಂತ ಬಾಯಿಬಿಟ್ಟು ಹೇಳಿ. ಫಾರಂನಲ್ಲಿ ಅದಕ್ಕೆ ಜಾಗ ಇರಲ್ಲ. ಆದರೂ ಹೇಳಿ.

ಒಪ್ಪಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ನಿಯಮದಂತೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಅದರ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆ, 12ರಿಂದ 18ರವರ ಬರಹದ ಒಪ್ಪಿಗೆಯೂ ಬೇಕು. ಮಾತು ಬಾರದ ಮಗು ಮುಖ ತಿರುಗಿಸಿದರೆ ಅದನ್ನೂ 'ಬೇಡ' ಅಂತಲೇ ತಿಳಿಯಿರಿ. ಮೊಬೈಲ್‌ನಲ್ಲಿ ಫೋಟೋ ಬೇಡವೇ ಬೇಡ.

ಕೊನೆಯದಾಗಿ, ಮೊದಲ ಮನೆಗೆ ಹೋಗುವ ಮೊದಲೇ ಒಂದು ಕಾಗದ ಸಿದ್ಧ ಮಾಡಿಕೊಳ್ಳಿ. ಮಾತಿಗೆ ಎಲ್ಲಿ, ಕಿವಿಗೆ ಎಲ್ಲಿ, ಫಿಟ್ಸ್‌ಗೆ ಎಲ್ಲಿ, ಫಿಸಿಯೋಥೆರಪಿಗೆ ಎಲ್ಲಿ, ಯಾವ ದಿನ, ಯಾವ ಬಸ್. ನೀವೇ ಒಂದು ಸಲ ಹೋಗಿ ನೋಡಿಕೊಂಡು ಬಂದು ಬರೆಯಿರಿ. ಆ ಕಾಗದ ಸಿದ್ಧವಾಗುವವರೆಗೆ ಒಂದು ಬಾಗಿಲೂ ತಟ್ಟಬೇಡಿ.

ಪ್ರಶ್ನೆ: ನಮ್ಮ ಕಡೆಯ ಕಾಯಿಲೆಗೆ 'ಹಂದಿಗೋಡು ಕಾಯಿಲೆ' ಅಂತ ಊರಿನ ಹೆಸರೇ ಅಂಟಿಕೊಂಡಿತು. ಈಗ ಶಿವಮೊಗ್ಗದ ಬಡವರ ಬಡಾವಣೆಗಳಲ್ಲೇ ಮಕ್ಕಳನ್ನು ಪರೀಕ್ಷಿಸುತ್ತಿದ್ದಾರಂತೆ. ಅಲ್ಲಿನ ಮಕ್ಕಳಿಗೂ ಹೆಸರು ಅಂಟುವುದಿಲ್ಲವೇ? ಬಡವರನ್ನೇ ಯಾಕೆ ಹುಡುಕಬೇಕು?
ಸಾಗರದ ಹಿರಿಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 1970ರ ದಶಕದಲ್ಲಿ ಹಂದಿಗೋಡಿನ ಜನರ ಸೊಂಟ, ಕೀಲು ಸವೆಯುವ ಕಾಯಿಲೆ ಹೊರಗಿನವರಿಗೆ ತಿಳಿಯಿತು. ವಂಶದಲ್ಲಿ ಬರುವ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಅದು ಬೇರೆ ಹಳ್ಳಿಗಳಲ್ಲೂ ಇತ್ತು. ಆದರೆ ಹೆಸರು ಹೊತ್ತದ್ದು ಹಂದಿಗೋಡು ಒಂದೇ. ಸೊರಬದ ಕ್ಯಾಸನೂರು ಕಾಡಿಗೂ 1957ರಿಂದ ಅದೇ ಪಾಡು, ಮಂಗನ ಕಾಯಿಲೆಗೆ ಜಗತ್ತೆಲ್ಲ ಆ ಕಾಡಿನ ಹೆಸರೇ. ಹೊಸ ಕಾಯಿಲೆಗಳಿಗೆ ಊರಿನ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ನಮ್ಮ ಮಲೆನಾಡಿನ ಮಟ್ಟಿಗೆ ಅದು ತಡವಾಗಿ ಬಂದ ಮಾತು.

ಆದ್ದರಿಂದಲೇ ಈ ಅಂಕಣದಲ್ಲಿ ನಾನು ಬಡಾವಣೆಯ ಹೆಸರು ಬರೆಯುವುದಿಲ್ಲ. ಸಮೀಕ್ಷೆ ಮಾಡುವವರೂ ಬರೆಯಬಾರದು. ಸಂಬಂಧ ಕುದುರುವಾಗ "ಆ ಕೇರಿ ಹುಡುಗಿನಾ" ಅನ್ನುವ ಮಾತಿನಲ್ಲಿ ಅದು ಬಂದು ಕೂರುತ್ತದೆ.

ಆದರೆ ಬಡವರ ಕೇರಿಗೆ ಹೋಗುವುದೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದುಡ್ಡಿರುವವರ ಮಗುವಿಗೂ ಆಟಿಸಂ, ಅಂದರೆ ಮಾತಿನಲ್ಲಿ, ಬೇರೆಯವರ ಜೊತೆ ಬೆರೆಯುವುದರಲ್ಲಿ ತೊಡಕು, ಬರುತ್ತದೆ. ಅವರು ಕಾರಿನಲ್ಲಿ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಊದುಬತ್ತಿ ಹೊಸೆಯುವ ತಾಯಿ ಒಂದು ದಿನದ ಕೂಲಿ ಬಿಟ್ಟು ಮೆಗ್ಗಾನ್‌ಗೆ ಬರುವುದೇ ಕಷ್ಟ. ಹೆರಿಗೆಯ ಹೊತ್ತಿನ ತೊಂದರೆ, ಕಡಿಮೆ ತೂಕ, ಅಪೌಷ್ಟಿಕತೆ ಬಡವರ ಮನೆಯಲ್ಲೇ ಜಾಸ್ತಿ. ಎಣಿಸದಿದ್ದರೆ ಆ ಮಕ್ಕಳಿಗೆ ಅಂತ ಒಬ್ಬ ಥೆರಪಿಸ್ಟ್ ಹುದ್ದೆಯೂ ಮಂಜೂರಾಗುವುದಿಲ್ಲ.

ಪ್ರಶ್ನೆ: ಜನಗಣತಿಯಲ್ಲಿ ನೂರಕ್ಕೆ ಇಬ್ಬರು ವಿಕಲಚೇತನರು ಅಂತಾರೆ. ನನ್ನ ಅಂಗನವಾಡಿಯಲ್ಲೇ ಅದಕ್ಕಿಂತ ಜಾಸ್ತಿ ಮಕ್ಕಳಿಗೆ ಏನಾದರೊಂದು ತೊಂದರೆ ಕಾಣುತ್ತದೆ. ನಾನು ತಪ್ಪಾಗಿ ನೋಡುತ್ತಿದ್ದೇನಾ?
ಅಂಗನವಾಡಿ ಕಾರ್ಯಕರ್ತೆ, ಶಿವಮೊಗ್ಗ

ಉತ್ತರ: ನಿಮ್ಮ ಕಣ್ಣು ಸರಿಯಾಗಿದೆ. 2011ರ ಜನಗಣತಿ ಹೇಳಿದ್ದು ಎಲ್ಲ ವಯಸ್ಸಿನವರೂ ಸೇರಿ ಶೇಕಡಾ 2.21. ಅಲ್ಲಿ ಕೇಳಿದ್ದು ನಾನು ಆ ನಾಲೆ ಪಕ್ಕದ ಮನೆಯಲ್ಲಿ ಕೇಳಿದಂಥದ್ದೇ ನೇರ ಪ್ರಶ್ನೆ. ಪಲ್ವಲ್, ಕಾಂಗ್ರಾ, ಧೆಂಕನಾಲ್, ಉತ್ತರ ಗೋವಾ, ಹೈದರಾಬಾದ್ ಈ ಐದು ಕಡೆ 2ರಿಂದ 9 ವರ್ಷದ 3,964 ಮಕ್ಕಳನ್ನು ತಜ್ಞರೇ ಪರೀಕ್ಷಿಸಿ ನೋಡಿದ ಅಧ್ಯಯನ 2018ರಲ್ಲಿ ಬಂತು. ಅದರಲ್ಲಿ ಸುಮಾರು ಎಂಟು ಮಕ್ಕಳಿಗೆ ಒಬ್ಬರಂತೆ ಒಂದಲ್ಲ ಒಂದು ತೊಡಕು ಕಂಡಿತು. ಕಣ್ಣು, ಕಿವಿ, ಮಾತು, ಫಿಟ್ಸ್, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು), ಆಟಿಸಂ, ಬುದ್ಧಿಯ ಬೆಳವಣಿಗೆ, ದೊಡ್ಡ ಮಕ್ಕಳಲ್ಲಿ ಕಲಿಕೆ ಮತ್ತು ಗಮನದ ತೊಂದರೆ ಎಲ್ಲ ಸೇರಿ. ಆ ಐದೂ ಊರು ಕರ್ನಾಟಕದವಲ್ಲ, ನಮ್ಮ ಲೆಕ್ಕ ಬೇರೆ ಇರಬಹುದು. ಆದರೆ ನೀವು ದಿನಾ ಆರು ಗಂಟೆ ಆ ಮಕ್ಕಳ ಜೊತೆ ಇರುವವರು. ಕಂಡದ್ದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬಂದಾಗ ಅದನ್ನು ತೆರೆದು ತೋರಿಸಿ.

ಪ್ರಶ್ನೆ: ಆಟೋ ಓಡಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಯಾರೋ ಬಂದು ಮಗನ ಬಗ್ಗೆ ಒಂದು ಗಂಟೆ ಕೇಳಿ ಬರೆದುಕೊಂಡು ಹೋದರು. ಏನೂ ಸಿಗಲಿಲ್ಲ. ಈಗ ಬೇರೆಯವರು ಬಂದಿದ್ದಾರೆ. ಬಾಗಿಲು ತೆಗೆಯಬೇಕಾ?
ಒಬ್ಬ ತಂದೆ, ಭದ್ರಾವತಿ

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. ಅಂಥ ಒಂದು ಸಮೀಕ್ಷೆಯಲ್ಲಿ ನಾನೂ ಇದ್ದೆ. ಹೊರಗಿನಿಂದ ಬಂದ ಯೋಜನೆ. ಎಂಟು ತಿಂಗಳು ಬೀದಿ ಬೀದಿ ಸುತ್ತಿ ಫಾರಂ ತುಂಬಿದೆವು. ಎಲ್ಲ ತಾಯಂದಿರಿಗೂ "ಮತ್ತೆ ಬರ್ತೀವಿ" ಅಂದೆವು. ಹಣ ಮುಗಿಯಿತು ಅಂತ ಒಂದು ದಿನ ಕಚೇರಿಗೆ ಬೀಗ ಹಾಕಿದರು. ಫಾರಂಗಳು ಪೆಟ್ಟಿಗೆಯಲ್ಲಿ ಹೋದವು. ವರದಿಯ ಒಂದು ಪ್ರತಿಯೂ ಈ ಊರಿಗೆ ಬರಲಿಲ್ಲ. ನನ್ನ ಹತ್ತಿರ ಉಳಿದದ್ದು ಒಂದು ನೋಟ್‌ಬುಕ್, ಅದರಲ್ಲಿ ಮನೆ ಗುರುತು ಮತ್ತು ಮಕ್ಕಳ ಹೆಸರು. ಅದನ್ನು ಹಿಡಿದುಕೊಂಡು ನಾನೊಬ್ಬಳೇ ವಾಪಸ್ ಹೋಗಲು ಶುರು ಮಾಡುವಷ್ಟರಲ್ಲಿ 2019ರ ಆಗಸ್ಟ್ ಬಂತು. ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಹೋದರೆ ಎಷ್ಟೋ ಬಾಗಿಲಲ್ಲಿ ಬೇರೆ ಮುಖಗಳು. ಬಾಡಿಗೆಯವರು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿರಲಿಲ್ಲ. ಫಿಟ್ಸ್ ಇದ್ದ ಒಂದು ಹುಡುಗಿಯ ಹೆಸರಿನ ಮುಂದೆ ನಾನೇ ಕೆಂಪು ಪೆನ್ನಿನಲ್ಲಿ 'ಬೇಗ' ಅಂತ ಬರೆದಿದ್ದೆ. ಆ ಹುಡುಗಿ ಇವತ್ತಿಗೂ ಸಿಕ್ಕಿಲ್ಲ.

ಹೀಗಾಗಿ ನಿಮಗೆ ಸುಮ್ನೆ ಬಾಗಿಲು ತೆಗೆಯಿರಿ ಅನ್ನಲಾರೆ. ಮೊದಲು ಬಂದವರನ್ನು ಹೊಸಿಲ ಹೊರಗೇ ಕೂರಿಸಿ ಕೇಳಿ. ಯಾರ ಕಡೆಯವರು, ಫೋನ್ ನಂಬರ್ ಬರೆದುಕೊಡುತ್ತೀರಾ? ಮಗನ ಬಗ್ಗೆ ಬರೆದುಕೊಂಡದ್ದರ ಒಂದು ಪ್ರತಿ ಕೊಡುತ್ತೀರಾ? ಏನಾದರೂ ಕಂಡರೆ ಎಲ್ಲಿಗೆ ಕಳಿಸುತ್ತೀರಿ, ಜೊತೆಗೆ ಯಾರು ಬರುತ್ತಾರೆ? ಇದಕ್ಕೆ ತಡವರಿಸದೆ ಉತ್ತರ ಕೊಟ್ಟರೆ ಒಳಗೆ ಕರೆಯಿರಿ. ಇಲ್ಲದಿದ್ದರೆ ಬೇಡ ಅನ್ನಿ. ಬೇಡ ಅಂದದ್ದಕ್ಕೆ ನಿಮ್ಮ ರೇಷನ್, ಪಿಂಚಣಿ ಯಾವುದೂ ನಿಲ್ಲುವುದಿಲ್ಲ.

ಅವರು ಬರಲಿ ಬಿಡಲಿ, ನೀವು ಮಾಡಬಹುದಾದ ಕೆಲಸ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಗುರುತಿಸಿದೆ. ಹಳೆಯ ಕಾಯ್ದೆಯಲ್ಲಿ ಏಳೇ ಇದ್ದವು. ಆಟಿಸಂ, ಕಲಿಕೆಯ ತೊಂದರೆ ಹೊಸದಾಗಿ ಸೇರಿವೆ. ನಗರಸಭೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ತೊಂದರೆಯ ಪ್ರಮಾಣ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಸೌಲಭ್ಯಗಳು ಅದರಿಂದಲೇ ಶುರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ತೊಂದರೆ ಅಥವಾ ಒಂದಕ್ಕಿಂತ ಹೆಚ್ಚು ತೊಂದರೆ ಇರುವ ಮಕ್ಕಳಿಗೆ 'ನಿರಾಮಯ' ಅನ್ನುವ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ.

ಮಗನಿಗೆ ಏನು ತೊಂದರೆ, ಈಗ ಎಷ್ಟು ವಯಸ್ಸು ಅಂತ ನೀವು ಬರೆದಿಲ್ಲ. ಕಿವಿ ಪರೀಕ್ಷೆ ಆಗಿದೆಯಾ, ಶಾಲೆಗೆ ಹೋಗುತ್ತಾನಾ, ಊಟ ತಾನೇ ಮಾಡುತ್ತಾನಾ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಕಾಯಿಸುವುದಿಲ್ಲ, ನೇರವಾಗಿ ನಿಮ್ಮ ವಿಳಾಸಕ್ಕೇ ಉತ್ತರ ಬರೆಯುತ್ತೇನೆ.